ಸೀಟಿ ಊದಬೇಕಿತ್ತಾ, ಬೇಡವಾ? ಮಲೆನಾಡಲ್ಲಿ ಮುಗಿಯದ ಒಂದು ಫ್ರೀ ಕಿಕ್ ಜಗಳ

ಚಿಕ್ಕಮಗಳೂರಿನಲ್ಲಿ ನಾಲ್ಕು ಜನ ಕೂತು ಫುಟ್‌ಬಾಲ್ ಮಾತು ತೆಗೆದರೆ, ಅದು ಹತ್ತು ನಿಮಿಷದೊಳಗೆ 2023ರ ಮಾರ್ಚ್ 3ಕ್ಕೆ ಬಂದು ನಿಲ್ಲುತ್ತದೆ. ಮೆಸ್ಸಿಯಿಂದ ಶುರುವಾಗಿರಲಿ, ನಿನ್ನೆ ರಾತ್ರಿ ಮ್ಯಾಚಿನಿಂದ ಶುರುವಾಗಿರಲಿ, ಯಾರಾದರೂ ಒಬ್ಬ "ಅಲ್ಲ ಮಾರಾಯ, ಅವತ್ತು ಛೆಟ್ರಿ ಮಾಡಿದ್ದು ಸರಿನಾ?" ಅಂದೇ ಅನ್ನುತ್ತಾನೆ. ಅಲ್ಲಿಗೆ ಎರಡು ಗುಂಪು. ಲೋಟದಲ್ಲಿದ್ದ ಕಾಫಿ ಆರಿ ಹೋಗುತ್ತದೆ.

ಮ್ಯಾಚ್ ನಡೆದದ್ದು ಬೆಂಗಳೂರಿನ ಕಂಠೀರವದಲ್ಲಿ, ಆಡಿದ್ದು ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. ಎದುರಾಳಿ ಫೌಲ್ ಮಾಡಿದ್ದಕ್ಕೆ ಸಿಕ್ಕ ಫ್ರೀ ಕಿಕ್ಕನ್ನು ಬೆಂಗಳೂರಿನ ಆಟಗಾರ ಸುನಿಲ್ ಛೆಟ್ರಿ ರೆಫರಿಯ ಸೀಟಿಗೆ ಕಾಯದೆ ಒದ್ದು ಗೋಲು ಹಾಕಿದ್ದೇ ಈ ಜಗಳದ ಮೂಲ. ನಮ್ಮೂರಿಗೇನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ನರಸಿಂಹರಾಜಪುರ, ಕೊಪ್ಪ, ಬಾಳೆಹೊನ್ನೂರು ಕಡೆ ಕೇರಳದಿಂದ ಬಂದು ನೆಲೆಸಿದ ಮನೆಗಳು ಬೇಕಾದಷ್ಟಿವೆ. ಆ ಮನೆಗಳ ಮೊಮ್ಮಕ್ಕಳು ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಸಿಟ್ಟು ಬಂದರೆ ಕನ್ನಡದಲ್ಲೇ ಬೈಯುವವರು. ಆದರೆ ಫುಟ್‌ಬಾಲ್ ಅಂದರೆ ಅವರಿಗೆ ಬ್ಲಾಸ್ಟರ್ಸ್. ಉಳಿದ ಬಹುತೇಕರದು ಬೆಂಗಳೂರು. ನಾನೂ ಆ ಉಳಿದವರಲ್ಲಿ ಒಬ್ಬ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈಗ ಈ ಜಗಳಕ್ಕೆ ದಂಡ, ಅಪೀಲು, ವಿಎಆರ್ (ವಿಡಿಯೊ ನೋಡಿ ರೆಫರಿ ತೀರ್ಮಾನ ಪರೀಕ್ಷಿಸುವ ವ್ಯವಸ್ಥೆ), ಕತಾರ್ ಎಲ್ಲ ಬಂದು ಸುತ್ತಿಕೊಂಡಿವೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಹೊಸ ಹುಡುಗರಿಗೆ ಗೊತ್ತಿಲ್ಲ. ಹಾಗಾಗಿ ಸ್ವಲ್ಪ ಹಿಂದಿನಿಂದ ಬರೋಣ.

ಆಟದ ಶುರುವಿನ ದಿನಗಳಲ್ಲಿ ಮೈದಾನದೊಳಗೆ ರೆಫರಿಯೇ ಇರಲಿಲ್ಲ. ತಕರಾರು ಬಂದರೆ ಎರಡೂ ತಂಡದ ನಾಯಕರು ಮಾತಾಡಿಕೊಂಡು ಮುಗಿಸಬೇಕಿತ್ತು. ರೆಫರಿ ಒಳಗೆ ಬಂದದ್ದು 1891ರಲ್ಲಿ, ಪೆನಾಲ್ಟಿ ಬಂದದ್ದೂ ಅದೇ ವರ್ಷ. 1966ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ನಾಯಕ ರಾಟಿನ್ ಅವರನ್ನು ಜರ್ಮನಿಯ ರೆಫರಿ ಹೊರಗೆ ಕಳಿಸಿದರು. ಇವರ ಭಾಷೆ ಅವರಿಗೆ ಬಾರದು, ಅವರದ್ದು ಇವರಿಗೆ ಬಾರದು, ರಾಟಿನ್ ಕದಲಲೇ ಇಲ್ಲ. ಆ ಗಲಾಟೆ ತಲೆಯಲ್ಲಿಟ್ಟುಕೊಂಡೇ ಇಂಗ್ಲೆಂಡಿನ ಕೆನ್ ಆಸ್ಟನ್ ಅವರಿಗೆ ಟ್ರಾಫಿಕ್ ಸಿಗ್ನಲ್ ಮುಂದೆ ಹಳದಿ–ಕೆಂಪು ಕಾರ್ಡಿನ ಐಡಿಯಾ ಹೊಳೆದದ್ದು. 1970ರ ವಿಶ್ವಕಪ್‌ನಲ್ಲಿ ಕಾರ್ಡ್ ಬಂತು. 1986ರಲ್ಲಿ ಮರಡೋನಾ ಕೈಯಲ್ಲಿ ಗೋಲು ಹೊಡೆದರು, 2010ರಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಹೊಡೆದ ಗೋಲು ರೆಫರಿಗೆ ಕಾಣಲಿಲ್ಲ, 2018ರ ವಿಶ್ವಕಪ್ ಹೊತ್ತಿಗೆ ವಿಎಆರ್ ಬಂತು. ಇದಿಷ್ಟು ಪ್ರಪಂಚದ ಕಥೆ.

ನಮ್ಮ ದೇಶದ ಕಥೆಯಲ್ಲಿ ಎರಡು ನಿಲ್ದಾಣಗಳನ್ನು ಬಿಡುವ ಹಾಗಿಲ್ಲ. ಮೊದಲನೆಯದು 2012ರ ಡಿಸೆಂಬರ್ 9, ಕೋಲ್ಕತ್ತ. ಈಸ್ಟ್ ಬೆಂಗಾಲ್ ಜೊತೆಗಿನ ಮ್ಯಾಚಿನಲ್ಲಿ ಮೋಹನ್ ಬಾಗಾನ್‌ನ ಒಡಾಫಾಗೆ ಕೆಂಪು ಕಾರ್ಡ್ ಬಿತ್ತು. ಗ್ಯಾಲರಿ ಕೆರಳಿತು. ಬಾಗಾನ್‌ನ ರಹೀಮ್ ನಬಿ ಅವರಿಗೆ ಕಲ್ಲೇಟು ಬಿತ್ತು. ಅರ್ಧ ಸಮಯದ ಮೇಲೆ ಬಾಗಾನ್ ಮೈದಾನಕ್ಕೆ ವಾಪಸ್ ಬರಲಿಲ್ಲ. ತಿಂಗಳು ಮುಗಿಯುವುದರೊಳಗೆ ಆಗಿನ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನಿಂದ ಎರಡು ವರ್ಷಕ್ಕೂ ಜಾಸ್ತಿ ನಿಷೇಧ ಅಂತ ತೀರ್ಪು ಬಂತು. ಮುಂದಿನ ತಿಂಗಳು, ಅಂದರೆ 2013ರ ಜನವರಿಯಲ್ಲಿ, ಆ ನಿಷೇಧ ಹೋಗಿ 2 ಕೋಟಿ ರೂಪಾಯಿ ದಂಡ ಆಯಿತು, ಅಲ್ಲಿಯವರೆಗಿನ ಅಂಕ ಸೊನ್ನೆ ಆಯಿತು.

ಎರಡನೆಯದು 2015ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್. ಚೆನ್ನೈಯಿನ್ ಎದುರು ಸೋತ ಮೇಲೆ ನಡೆದ ರಂಪಕ್ಕೆ ಎಫ್‌ಸಿ ಗೋವಾಗೆ 11 ಕೋಟಿ ದಂಡ, ಮುಂದಿನ ಸೀಸನ್‌ಗೆ 15 ಅಂಕ ಕಡಿತ. ಅಪೀಲು ಹೋದ ಮೇಲೆ ಅಂಕ ಕಡಿತ ಹೋಯಿತು, ದಂಡವೂ ಇಳಿಯಿತು. ಸಂತೆಯಲ್ಲಿ ಮೊದಲು ಹೇಳಿದ ರೇಟಿಗೆ ಯಾರೂ ಕೊಳ್ಳುವುದಿಲ್ಲವಲ್ಲ, ಹಾಗೆ. ಶಿಕ್ಷೆ ಅಂದರೆ ಚೌಕಾಸಿಯ ಮೊದಲ ಮಾತು ಅಂತ ಅಭಿಮಾನಿಗಳಿಗೂ ಅಭ್ಯಾಸವಾಗಿ ಹೋಗಿತ್ತು.

ಇಷ್ಟು ಹಿನ್ನೆಲೆಯಲ್ಲಿ ಮಾರ್ಚ್ 3ಕ್ಕೆ ಬರೋಣ.

ಅದು ಐಎಸ್‌ಎಲ್ ಪ್ಲೇ-ಆಫ್. ಸೋತವರು ಮನೆಗೆ. 90 ನಿಮಿಷದಲ್ಲಿ ಗೋಲಿಲ್ಲ. ಹೆಚ್ಚುವರಿ ಸಮಯದ ಶುರುವಿನಲ್ಲಿ, 96ನೇ ನಿಮಿಷಕ್ಕೆ, ಬಾಕ್ಸಿನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ನಾನು ಆಗ ತೋಟದಲ್ಲಿದ್ದೆ. ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು, ಕಣದ ತುಂಬ ಕಾಫಿ ಹರವಿತ್ತು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಆ ತುದಿಯಲ್ಲಿ ಮಾತ್ರ. ಮೊಬೈಲ್ ಎತ್ತಿ ಹಿಡಿದು ನಿಂತಿದ್ದೆ. ಫ್ರೀ ಕಿಕ್ ಅಂತ ಗೊತ್ತಾಯಿತು, ಅಷ್ಟರಲ್ಲಿ ಪರದೆಯ ಮೇಲೆ ಆ ಹಾಳು ಚಕ್ರ ಸುತ್ತತೊಡಗಿತು. ಮತ್ತೆ ಚಿತ್ರ ಬಂದಾಗ ಬೆಂಗಳೂರಿನವರು ಕುಣಿಯುತ್ತಿದ್ದಾರೆ, ಕೇರಳದವರು ರೆಫರಿಯನ್ನು ಸುತ್ತಿಕೊಂಡಿದ್ದಾರೆ. ಇನ್ನೊಂದು ಸಲ ಚಕ್ರ ಸುತ್ತಿ ನಿಂತಾಗ ಕೇರಳದ ಆಟಗಾರರು ಹೊರಗೆ ನಡೆಯುತ್ತಿದ್ದರು. ಅಂದರೆ ಗೋಲನ್ನು ನಾನು ನೋಡಲೇ ಇಲ್ಲ. ಈ ವಿಷಯ ಗೆಳೆಯರ ಮುಂದೆ ಬಹಳ ದಿನ ಬಾಯಿಬಿಟ್ಟಿರಲಿಲ್ಲ.

ಆಗಿದ್ದು ಇಷ್ಟು. ಕೇರಳದವರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಇನ್ನೂ ಗೋಡೆ ಕಟ್ಟುತ್ತಿದ್ದರು. ಗೋಲ್‌ಕೀಪರ್ ತನ್ನ ಜಾಗಕ್ಕೆ ಬಂದಿರಲಿಲ್ಲ. ಸುನಿಲ್ ಛೆಟ್ರಿ ಸುಮ್ನೆ ಚೆಂಡನ್ನು ಎತ್ತಿ ಬಲೆಯೊಳಗೆ ಹಾಕಿದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಮ್ಮ ಹುಡುಗರನ್ನು ಹೊರಗೆ ಕರೆದರು. ಅವರು ಮತ್ತೆ ಬರಲಿಲ್ಲ. ಕಾದು ನೋಡಿ, ಕೊನೆಗೆ ಬೆಂಗಳೂರು ಗೆದ್ದಿತು ಎಂದು ಘೋಷಿಸಿದರು.

ನಿಯಮ ಏನು ಅಂತ ನೋಡೋಣ. ಫ್ರೀ ಕಿಕ್ ಹೊತ್ತಿಗೆ ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ಇರಬೇಕು. ಒದೆಯುವವರಿಗೆ ಎರಡು ದಾರಿ ಇದೆ. ಇವರನ್ನು ದೂರ ಸರಿಸಿ ಅಂತ ರೆಫರಿಯನ್ನು ಕೇಳಬಹುದು. ಆಗ ರೆಫರಿ ಹೆಜ್ಜೆ ಎಣಿಸಿ, ಗೋಡೆ ನಿಲ್ಲಿಸಿ, ಸೀಟಿ ಊದುವ ತನಕ ಚೆಂಡು ಮುಟ್ಟುವ ಹಾಗಿಲ್ಲ. ಇಲ್ಲವೇ, ಗೋಡೆಯೂ ಬೇಡ, ಸೀಟಿಯೂ ಬೇಡ ಅಂತ ಒದ್ದುಬಿಡಬಹುದು. ಇದು ಕ್ವಿಕ್ ಫ್ರೀ ಕಿಕ್. ಫೌಲ್ ಮಾಡಿದವರಿಗೇ ಸುಧಾರಿಸಿಕೊಳ್ಳಲು ಟೈಮ್ ಕೊಟ್ಟು ಉಪಕಾರ ಮಾಡಬಾರದು ಅನ್ನುವುದು ಇದರ ಹಿಂದಿನ ಲೆಕ್ಕ.

ತಕರಾರು ಇರುವುದು ಇವೆರಡರ ನಡುವೆ. ರೆಫರಿ ಆಗಲೇ ಆಟಗಾರರನ್ನು ಹಿಂದೆ ಸರಿಸುತ್ತಿದ್ದರು, ಅಂದ ಮೇಲೆ ಸೀಟಿಗೆ ಕಾಯಲೇಬೇಕಿತ್ತು ಅನ್ನುವುದು ಕೇರಳದ ವಾದ. ಗೋಡೆ, ಸೀಟಿ ಎರಡೂ ಬೇಡ ಅಂತ ರೆಫರಿಗೆ ಹೇಳಿಯೇ ಒದ್ದದ್ದು, ಕೇರಳದ ಆಟಗಾರ ಲೂನಾಗೂ ಅದು ಕೇಳಿಸಿತ್ತು, ಅದಕ್ಕೇ ಮೊದಲ ಸಲ ಆತ ಅಡ್ಡ ಬಂದದ್ದು ಅಂತ ಛೆಟ್ರಿ ಮ್ಯಾಚ್ ಮುಗಿದ ಮೇಲೆ ಹೇಳಿದರು. ಬಸ್ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಜಗಳ ನೋಡಿದ್ದೀರಲ್ಲ? ಟವೆಲ್ ಹಾಕಿದವನದ್ದಾ ಸೀಟು, ಹತ್ತಿ ಕೂತವನದ್ದಾ? ಕಂಡಕ್ಟರ್ ಒಂದು ಮಾತು ಹೇಳಿದರೆ ಮುಗಿಯುತ್ತದೆ. ಇಲ್ಲಿ ಕಂಡಕ್ಟರ್ ಹೇಳಿದ್ದು ಏನು ಅನ್ನುವುದು ಹತ್ತಿರ ನಿಂತ ಮೂರ್ನಾಲ್ಕು ಜನಕ್ಕೆ ಮಾತ್ರ ಗೊತ್ತು.

ನನ್ನ ಕೇಳಿದರೆ, ಗೋಲು ನಿಯಮದ ಒಳಗೇ ಇತ್ತು. ನಾನು ಬೆಂಗಳೂರಿನವರ ಕಡೆ, ಹೀಗೆ ಹೇಳದೆ ಇನ್ನು ಹೇಗೆ ಹೇಳಲಿ ಅಂತೀರಾ? ಇರಬಹುದು. ಆದರೆ ಗೋಲ್‌ಕೀಪರ್ ಜಾಗದಲ್ಲಿ ಇಲ್ಲದಾಗ ಗೋಲು ಹಾಕಿ ಅಷ್ಟು ಕುಣಿದದ್ದು ಅವತ್ತೂ ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಮರುದಿನದ ಒಂದು ವಿಷಯ ಹೇಳಲೇಬೇಕು. ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷದ ಮೇಲೆ! ಹಿಂದೆ ಗೆದ್ದಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ಅವತ್ತು ನಮ್ಮ ಗುಂಪಿನಲ್ಲಿ ಆ ಬಗ್ಗೆ ಮಾತಾಡಿದ್ದು ಎರಡು ನಿಮಿಷವೂ ಇರಲಿಕ್ಕಿಲ್ಲ. ಎಲ್ಲರೂ ಫ್ರೀ ಕಿಕ್ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದರು.

ಮ್ಯಾಚ್ ಮತ್ತೆ ಆಡಿಸಿ ಅಂತ ಕೇರಳ ಕೇಳಿತು, ಅದು ಬಿದ್ದುಹೋಯಿತು. ಮಾರ್ಚ್ 31ಕ್ಕೆ ಭಾರತದ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿಯ ಆದೇಶ ಬಂತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಜೊತೆಗೆ ಬಹಿರಂಗ ಕ್ಷಮೆ. ಕ್ಷಮೆ ಕೇಳದಿದ್ದರೆ 6 ಕೋಟಿ. ಕೋಚ್‌ಗೆ 10 ಮ್ಯಾಚ್ ನಿಷೇಧ, 5 ಲಕ್ಷ ದಂಡ, ಕ್ಷಮೆ ಕೇಳದಿದ್ದರೆ 10 ಲಕ್ಷ. ಇಬ್ಬರೂ ಕೇಳಿದರು. ಹೀಗೆ ಬಲವಂತದಿಂದ ಕೇಳಿಸಿದ ಕ್ಷಮೆಗೆ ಎಷ್ಟು ಬೆಲೆ ಅಂತ ಆಗ ಯಾರೂ ಯೋಚಿಸಲಿಲ್ಲ, 2 ಕೋಟಿ ಅಂತ ಲೆಕ್ಕ ಬಂತು ಅಷ್ಟೇ. ನರಸಿಂಹರಾಜಪುರದ, ಬ್ಲಾಸ್ಟರ್ಸ್ ಕಡೆಯ ನನ್ನ ಗೆಳೆಯ 4 ಕೋಟಿ ಅಂದರೆ ಎಷ್ಟು ಮೂಟೆ ಕಾಫಿ ಅಂತ ಮೊಬೈಲಿನಲ್ಲಿ ಲೆಕ್ಕ ಹಾಕಲು ಹೊರಟು, ಅರ್ಧಕ್ಕೇ ಬಿಟ್ಟ.

ಈ ಸಲ ಅಪೀಲಿನಲ್ಲೂ ಏನೂ ಇಳಿಯಲಿಲ್ಲ. ಜೂನ್‌ನಲ್ಲಿ ಅದೂ ವಜಾ ಆಯಿತು. ಬಾಗಾನ್‌ಗೆ ಇಳಿದದ್ದು, ಗೋವಾಗೆ ಇಳಿದದ್ದು ನಮಗೆ ಯಾಕೆ ಇಳಿಯಲಿಲ್ಲ ಅಂತ ಗೆಳೆಯ ಕೇಳುತ್ತಾನೆ. ಮೈದಾನ ಬಿಟ್ಟು ಹೋಗುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಒಂದೇ ತಪ್ಪಿಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ತೂಕ. ತಕ್ಕಡಿ ಯಾವುದು ಅಂತ ಯಾರೂ ಬಿಡಿಸಿ ಹೇಳಲಿಲ್ಲ.

ಇನ್ನು ನಮ್ಮ ಕಡೆಯವರ ಸರದಿ. ಮಾರ್ಚ್ 18ರಂದು, ಫ್ರೀ ಕಿಕ್ ಆಗಿ ಹದಿನೈದೇ ದಿನಕ್ಕೆ, ಗೋವಾದಲ್ಲಿ ಫೈನಲ್. ಎಟಿಕೆ ಮೋಹನ್ ಬಾಗಾನ್ ಎದುರು 2-2. ಕೊನೆಯಲ್ಲಿ ಬಾಗಾನ್‌ಗೆ ಸಿಕ್ಕ ಪೆನಾಲ್ಟಿಗೆ ಫೌಲ್ ಆಗಿದ್ದು ಬಾಕ್ಸಿನ ಒಳಗಾ, ಹೊರಗಾ ಅಂತ ದೊಡ್ಡ ತಕರಾರು. ಶೂಟೌಟ್‌ನಲ್ಲಿ ಬೆಂಗಳೂರು 4-3ರಿಂದ ಸೋತಿತು. ತಂಡದ ಮಾಲೀಕರೇ ಐಎಸ್‌ಎಲ್‌ಗೆ ವಿಎಆರ್ ಬೇಕು ಅಂತ ಟ್ವೀಟ್ ಮಾಡಿದರು. ರೆಫರಿ ತೀರ್ಮಾನ ಒಪ್ಪಿಕೊಳ್ಳಬೇಕು ಅಂತ ಹದಿನೈದು ದಿನ ಉಪದೇಶ ಮಾಡಿದ್ದ ನಾವು ಅವತ್ತು ರಾತ್ರಿ ರೆಫರಿಗೆ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಗೆಳೆಯ ಏನೂ ಹೇಳಲಿಲ್ಲ, ಒಂದು ಸೀಟಿಯ ಚಿತ್ರ ಕಳಿಸಿದ.

ಎರಡೂ ಗುಂಪು ಒಂದಾದದ್ದು ಒಂದೇ ಒಂದು ಸಲ. 2024ರ ಜೂನ್ 11, ದೋಹಾ, ವಿಶ್ವಕಪ್ ಅರ್ಹತಾ ಪಂದ್ಯ. ಛಾಂಗ್ಟೆ ಗೋಲಿನಿಂದ ಭಾರತ ಮುಂದಿತ್ತು. 73ನೇ ನಿಮಿಷಕ್ಕೆ ನಮ್ಮ ಗೋಲ್‌ಕೀಪರ್ ಗುರುಪ್ರೀತ್ ತಡೆದ ಚೆಂಡು ಗೆರೆ ದಾಟಿ ಹೊರಗೆ ಹೋಯಿತು. ಕತಾರ್‌ನ ಆಟಗಾರ ಅದನ್ನು ಒಳಗೆ ಎಳೆದ, ಇನ್ನೊಬ್ಬ ಗೋಲು ಹಾಕಿದ. ರೆಫರಿ ಗೋಲು ಕೊಟ್ಟರು. ಆ ಹಂತದಲ್ಲಿ ವಿಎಆರ್ ಇರಲಿಲ್ಲ. ಭಾರತ 2-1ರಿಂದ ಸೋತು ಹೊರಬಿತ್ತು. ಫೆಡರೇಷನ್ ದೂರು ಕೊಟ್ಟಿತು, ಫಲಿತಾಂಶ ಹಾಗೇ ಉಳಿಯಿತು. ಅವತ್ತು ನಮ್ಮ ಹುಡುಗರು ಮೈದಾನ ಬಿಡಲಿಲ್ಲ. "ಬಿಟ್ಟಿದ್ದರೆ ಎಷ್ಟು ಕೋಟಿ ಬೀಳುತ್ತಿತ್ತೋ" ಅಂದ ಗೆಳೆಯ. ಮೊದಲ ಸಲ ಅವನ ಮಾತಿಗೆ ನಾನು ಎದುರಾಡಲಿಲ್ಲ.

ಆಮೇಲೆ 2025ರ ಏಪ್ರಿಲ್ 12, ಕೋಲ್ಕತ್ತ, ಮತ್ತೆ ಫೈನಲ್, ಮತ್ತೆ ಬಾಗಾನ್. ಬೆಂಗಳೂರು ಮುಂದಿತ್ತು. ಹ್ಯಾಂಡ್‌ಬಾಲ್ ಅಂತ ಬಾಗಾನ್‌ಗೆ ಪೆನಾಲ್ಟಿ ಸಿಕ್ಕಿ ಸಮ ಆಯಿತು, ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲು. ಆಗಲೂ ಐಎಸ್‌ಎಲ್‌ನಲ್ಲಿ ವಿಎಆರ್ ಇರಲಿಲ್ಲ.

ವಿಎಆರ್ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರೇ ಈಗ ಜಾಸ್ತಿ. ಕತಾರ್ ಗೋಲಿಗೆ ಸರಿ, ಗೆರೆ ದಾಟಿದ್ದು ಕ್ಯಾಮೆರಾಕ್ಕೆ ಕಾಣುತ್ತದೆ. ಆದರೆ ಛೆಟ್ರಿ ಫ್ರೀ ಕಿಕ್ಕಿಗೆ? ಅಲ್ಲಿನ ಪ್ರಶ್ನೆ ಚೆಂಡು ಎಲ್ಲಿತ್ತು ಅನ್ನುವುದಲ್ಲ, ರೆಫರಿ ಏನು ಹೇಳಿದರು ಅನ್ನುವುದು. ಕ್ರಿಕೆಟ್‌ನಲ್ಲಿ ಥರ್ಡ್ ಅಂಪೈರ್ ಒಂದೊಂದೇ ಫ್ರೇಮ್ ತೋರಿಸಿ ಅಂತ ಕೇಳುವುದು ಮನೆಯಲ್ಲಿ ಕೂತ ಅಜ್ಜಿಗೂ ಕೇಳಿಸುತ್ತದೆ. 2023ರ ಮಹಿಳಾ ವಿಶ್ವಕಪ್‌ನಲ್ಲಿ ವಿಎಆರ್ ನೋಡಿ ಬಂದ ರೆಫರಿಗಳು ಮೈಕ್‌ನಲ್ಲಿ ಇಡೀ ಸ್ಟೇಡಿಯಂಗೆ ಕಾರಣ ಹೇಳಿದರು.

ನಮ್ಮ ತೋಟದಲ್ಲಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಲೈನ್ ಮನೆ ಹುಡುಗರು ಅಲ್ಲೇ ಫುಟ್‌ಬಾಲ್ ಆಡುತ್ತಾರೆ. ರೆಫರಿ ನಮ್ಮ ರೈಟರು. ದಿನಾ ಹಾಜರಿ ಹಾಕುವವರು, ಅವರ ಜೊತೆ ಯಾರು ತಕರಾರು ತೆಗೆಯುತ್ತಾರೆ? ಹಾಗಂದುಕೊಂಡಿದ್ದೆ. ಒಂದು ದಿನ ನಿಂತು ನೋಡಿದೆ. ಅವರ ಹತ್ತಿರ ಸೀಟಿಯೂ ಇಲ್ಲ. "ಏಯ್, ನಿನ್ನ ಮೊಣಕಾಲು ಅವನ ತೊಡೆಗೆ ತಾಗ್ತು, ಚೆಂಡಿಗಲ್ಲ, ನಾನು ನೋಡಿದೆ, ಚೆಂಡು ಕೊಡು" ಅಂತ ಗಟ್ಟಿಯಾಗಿ ಕೂಗುತ್ತಾರೆ. ಹುಡುಗ ಗೊಣಗುತ್ತಾ ಚೆಂಡು ಕೊಡುತ್ತಾನೆ.

ಮೊನ್ನೆ ಗೆಳೆಯ ಮತ್ತೆ ಆ ಮಾರ್ಚ್ 3ರ ವಿಡಿಯೊ ಕಳಿಸಿದ, ಹೊಸ ಆ್ಯಂಗಲ್ ಅಂತೆ. ಗ್ಯಾಲರಿಯಿಂದ ಯಾರೋ ತೆಗೆದದ್ದು. ಸೌಂಡ್ ತೆಗೆದು ಯಾವುದೋ ಹಾಡು ಹಾಕಿದ್ದಾರೆ. ಸಂಜೆ ಐ.ಜಿ. ರಸ್ತೆಯಲ್ಲಿ ಸಿಕ್ಕಾಗ ಇಬ್ಬರೂ ಒಂದೇ ಮೊಬೈಲಿಗೆ ಬಗ್ಗಿ ನಾಲ್ಕು ಸಲ ನೋಡಿದೆವು. ನಾನು ಛೆಟ್ರಿ ತುಟಿ ನೋಡುತ್ತಿದ್ದೆ, ಅವನು ರೆಫರಿ ಕೈ ನೋಡುತ್ತಿದ್ದ.