ಗ್ರೂಪಿನಲ್ಲಿ ನಿಂದನೆಯ ದೂರು ಬಂದರೆ ಅಡ್ಮಿನ್ ಏನು ಮಾಡಬೇಕು?

ಪ್ರಶ್ನೆ: ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರ ವಾಟ್ಸಾಪ್ ಗ್ರೂಪ್. ಸದಸ್ಯರೊಬ್ಬರು ತಮ್ಮನ್ನು ಕೆಟ್ಟದಾಗಿ ಬೈದಿದ್ದಾರೆಂದು ಇನ್ನೊಬ್ಬರು ದೂರು ಕೊಟ್ಟಿದ್ದಾರೆ. ಬೈದವರನ್ನು ಕೂಡಲೇ ತೆಗೆದುಹಾಕದಿದ್ದರೆ ಅಡ್ಮಿನ್ ಆದ ನನ್ನ ಮೇಲೆಯೇ ಕೇಸಾಗುತ್ತದೆಯೇ?
– ಓದುಗರೊಬ್ಬರು, ಸಿಂಧನೂರು ತಾಲ್ಲೂಕು

ಉತ್ತರ: ಈ ಪ್ರಶ್ನೆಯ ಮೊದಲ ಭಾಗ ಊರಿಂದೂರಿಗೆ ಬದಲಾಗುತ್ತದೆ. ಗಂಗಾವತಿಯ ಅಕ್ಕಿ ಗಿರಣಿಯವರದು ಒಂದು ಬಗೆ, ಬಳ್ಳಾರಿಯ ಜೀನ್ಸ್ ಹೊಲಿಗೆಯವರದು ಇನ್ನೊಂದು ಬಗೆ, ಶಾಲೆಯ ಪಾಲಕರ ಗ್ರೂಪಿನದು ಮತ್ತೊಂದು ಬಗೆ. ಎರಡನೆಯ ಭಾಗ ಮಾತ್ರ ಒಂದಕ್ಷರವೂ ಬದಲಾಗದೆ ಬರುತ್ತದೆ: 'ಅಡ್ಮಿನ್ ಮೇಲೆ ಕೇಸಾಗುತ್ತದಂತಲ್ಲ?' ಎಷ್ಟು ಸಲ ಉತ್ತರಿಸಿದರೂ ಈ 'ಅಂತೆ' ಸಾಯುತ್ತಿಲ್ಲವಾದ್ದರಿಂದ ಮೊದಲು ಅದನ್ನೇ ಇತ್ಯರ್ಥಪಡಿಸೋಣ. ಬೇರೊಬ್ಬರು ಬರೆದ ಮಾತಿಗೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ, ಯಾರನ್ನೂ ಅಪರಾಧಿಯಾಗಿಸುವ ಕಾನೂನು ನಮ್ಮಲ್ಲಿ ಇಲ್ಲ.

ನಿಮ್ಮ ಪ್ರಶ್ನೆಯನ್ನೇ ಹೋಲುವ ಪ್ರಕರಣವೊಂದು ಮಹಾರಾಷ್ಟ್ರದ ಗೊಂದಿಯಾ ಜಿಲ್ಲೆಯಲ್ಲಿ 2016ರಲ್ಲಿ ನಡೆದಿತ್ತು. ಗ್ರೂಪಿನ ಸದಸ್ಯನೊಬ್ಬ ಅದೇ ಗ್ರೂಪಿನ ಮಹಿಳೆಯ ಬಗ್ಗೆ ಅಶ್ಲೀಲವಾಗಿ ಬರೆದ. ಅಡ್ಮಿನ್ ಅವನನ್ನು ತೆಗೆಯಲಿಲ್ಲ, ಅವನಿಂದ ಕ್ಷಮೆಯನ್ನೂ ಕೇಳಿಸಲಿಲ್ಲವೆಂದು ಅಡ್ಮಿನ್ ಮೇಲೂ ಲೈಂಗಿಕ ಕಿರುಕುಳದ ಕಲಮು ಹಾಗೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಮು ಹಾಕಲಾಯಿತು. 2021ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅದನ್ನೆಲ್ಲ ರದ್ದುಪಡಿಸಿತು. ಸದಸ್ಯರನ್ನು ಸೇರಿಸುವ, ತೆಗೆಯುವ ಸೀಮಿತ ಅಧಿಕಾರ ಮಾತ್ರ ಅಡ್ಮಿನ್‌ಗೆ ಇರುವುದರಿಂದ, ಇಬ್ಬರೂ ಸೇರಿ ಒಂದೇ ಉದ್ದೇಶದಿಂದ ಮಾಡಿದ್ದಾರೆಂದು ತೋರಿಸದ ಹೊರತು ಸದಸ್ಯನ ತಪ್ಪನ್ನು ಅವರ ತಲೆಗೆ ಕಟ್ಟಲಾಗದು ಎಂದಿತು. 2022ರ ಫೆಬ್ರವರಿಯಲ್ಲಿ ಕೇರಳ ಹೈಕೋರ್ಟೂ ಅಡ್ಮಿನ್ ಒಬ್ಬರ ಮೇಲಿನ ಪ್ರಕರಣವನ್ನು ಇದೇ ತತ್ತ್ವದ ಮೇಲೆ ಕೈಬಿಟ್ಟಿತು. ಮಾನನಷ್ಟದ ವಿಷಯದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲೇ, ಅಡ್ಮಿನ್‌ನನ್ನು ಹೊಣೆ ಮಾಡುವುದೆಂದರೆ ಪತ್ರಿಕೆಯ ಬರಹಕ್ಕೆ ಕಾಗದ ತಯಾರಿಸಿದವನನ್ನು ಹೊಣೆ ಮಾಡಿದಂತೆ ಎಂದು ಹೇಳಿತ್ತು. ಬಳ್ಳಾರಿ, ಕೊಪ್ಪಳಗಳ ಪ್ರಕರಣ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠಕ್ಕೂ ರಾಯಚೂರಿನದು ಕಲಬುರಗಿ ಪೀಠಕ್ಕೂ ಹೋಗುವುದರಿಂದ ಹೊರರಾಜ್ಯದ ಈ ತೀರ್ಪುಗಳು ಅಲ್ಲಿ ಕಟ್ಟಳೆಯಾಗುವುದಿಲ್ಲ. ಆದರೆ ಯಾವ ವಕೀಲರೂ ಮೊದಲು ಮುಂದಿಡುವುದು ಇವನ್ನೇ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಪೂರ್ತಿ ಗಾಳಿಸುದ್ದಿಯಿಂದಲ್ಲ. ವದಂತಿ ಹಬ್ಬಿದರೆ ಅಡ್ಮಿನ್ ಮೇಲೆ ಎಫ್‌ಐಆರ್ ಎಂದು ವಾರಾಣಸಿಯ ಜಿಲ್ಲಾಡಳಿತ 2017ರಲ್ಲಿ ಆದೇಶ ಹೊರಡಿಸಿತ್ತು. ಮಧ್ಯಪ್ರದೇಶದ ರಾಜಗಢ ಜಿಲ್ಲೆಯಲ್ಲಿ 2018ರಲ್ಲಿ ಹಳೆಯ ಅಡ್ಮಿನ್ ಗ್ರೂಪ್ ಬಿಟ್ಟುಹೋದದ್ದರಿಂದ ತಾನಾಗಿಯೇ ಅಡ್ಮಿನ್ ಆದ ಯುವಕನೊಬ್ಬ ತಿಂಗಳುಗಟ್ಟಲೆ ಜೈಲಿನಲ್ಲಿದ್ದ. ಬಂಧನವಾಗುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬಂಧನವಾದದ್ದೇ ಕಾನೂನು ಎಂದು ತಿಳಿಯಬೇಡಿ ಎನ್ನುತ್ತಿದ್ದೇನೆ. ಆ ಮಾತನ್ನು ಅಡ್ಮಿನ್ ತಾವೇ ಮುಂದಕ್ಕೆ ಕಳಿಸಿದರೆ, ಬೈಯುವುದಕ್ಕೆ ಕುಮ್ಮಕ್ಕು ಕೊಟ್ಟರೆ, ಆಗ ಹೊಣೆ ಖಂಡಿತ ಇದೆ, ಅದು ಅವರದೇ ಕೃತ್ಯದ ಹೊಣೆ. ಮಕ್ಕಳ ಲೈಂಗಿಕ ಚಿತ್ರ ಗ್ರೂಪಿಗೆ ಬಂದಾಗ ಮಾತ್ರ ಸುಮ್ಮನಿರುವುದೂ ಅಪರಾಧ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಅದನ್ನು 'ಸಾಕ್ಷಿಗಿರಲಿ' ಎಂದು ಇನ್ನೊಬ್ಬರಿಗೆ ಕಳಿಸಲೂಬಾರದು.

ಈ ಹುಸಿಭಯವನ್ನು ನಾನು ಇಷ್ಟು ದೂರ ಅಟ್ಟಿಸಿಕೊಂಡು ಹೋಗಲು ಕಾರಣವಿದೆ: ಅನ್ಯಾಯದ ತೀರ್ಮಾನಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಹೆದರಿದ ಅಡ್ಮಿನ್ ವಿಚಾರಿಸುವುದಿಲ್ಲ. ದೂರು ಬಂದ ಐದೇ ನಿಮಿಷದಲ್ಲಿ ಬೈದವರನ್ನು ತೆಗೆಯುತ್ತಾರೆ, ಸಂದೇಶವನ್ನು 'ಎಲ್ಲರಿಗೂ ಅಳಿಸು' ಎಂದು ಒತ್ತುತ್ತಾರೆ, ದೂರು ಕೊಟ್ಟವರಿಗೆ 'ನೀವೂ ಸ್ವಲ್ಪ ದಿನ ಗ್ರೂಪ್ ಬಿಟ್ಟಿರಿ' ಎನ್ನುತ್ತಾರೆ. ಒಂದೇ ಏಟಿಗೆ ಆರೋಪಿಯ ಮಾತು ಕೇಳುವ ಅವಕಾಶವೂ ಹೋಯಿತು, ದೂರುದಾರರ ಸಾಕ್ಷ್ಯವೂ ಹೋಯಿತು. ಮುಂದೆ ಠಾಣೆಗೆ ಹೋಗಬೇಕಾದರೆ ಮೂಲ ಸಂದೇಶವಿರುವ ಫೋನೇ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇಂಥ ದಾಖಲೆ ಯಾವ ಫೋನಿನಿಂದ, ಹೇಗೆ ತೆಗೆದದ್ದು ಎಂಬ ಪ್ರಮಾಣಪತ್ರ ಕೇಳುತ್ತದೆ.

ಇನ್ನು ನಿಮ್ಮ ಕಾಲುವೆಯ ಗ್ರೂಪಿಗೆ ಬರೋಣ. ದೂರನ್ನು ಖಾಸಗಿಯಾಗಿ ಪಡೆಯಿರಿ, ಬಂದಿದೆಯೆಂದು ಅಂದೇ ತಿಳಿಸಿ, ದೂರುದಾರರ ಹೆಸರನ್ನು ಗ್ರೂಪಿನಲ್ಲಿ ಎತ್ತಬೇಡಿ. ಅವರು ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ತೀರ್ಮಾನಿಸದೆ ಗ್ರೂಪಿನಲ್ಲೇ ಮೇಲಕ್ಕೆ ಸರಿಸಿ ಓದಿ. ನೀರು ಬಾರದ ರಾತ್ರಿ 'ಮೇಲಿನವರು ತೂಬು ಎತ್ತಿ ನೀರು ಕದ್ದಿದ್ದಾರೆ' ಎಂದು ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಅವರ ಮನೆತನವನ್ನು ಎಳೆದಿರುತ್ತಾರೆ, ಮೂರನೆಯ ಮಾತು ಮಾತ್ರ ಸ್ಕ್ರೀನ್‌ಶಾಟಿನಲ್ಲಿ ಇರುತ್ತದೆ. ಮೊದಲಿನ ಎರಡು ಮಾತು ಮೂರನೆಯದನ್ನು ಸರಿಯಾಗಿಸುವುದಿಲ್ಲ, ಆದರೆ ಎಚ್ಚರಿಕೆ ಎಷ್ಟು ಜನರಿಗೆ ಹೋಗಬೇಕು ಎಂಬುದನ್ನು ತಿಳಿಸುತ್ತವೆ. ಆ ರಾತ್ರಿಯ ಮಟ್ಟಿಗೆ 'ಅಡ್ಮಿನ್‌ಗಳು ಮಾತ್ರ ಕಳಿಸಬಹುದು' ಎಂಬ ಸೆಟ್ಟಿಂಗ್ ಹಾಕಿದರೆ ಜಗಳ ನಿಲ್ಲುತ್ತದೆ, ಯಾರಿಗೂ ಶಿಕ್ಷೆಯೂ ಆಗುವುದಿಲ್ಲ. ಮರುದಿನ ಆರೋಪಿಯ ಮಾತು ಕೇಳಿ, ಎಚ್ಚರಿಕೆಯೋ ಹೊರಗಟ್ಟುವುದೋ ತೀರ್ಮಾನಿಸಿ, ಕಾರಣವನ್ನು ಇಬ್ಬರಿಗೂ ತಿಳಿಸಿ. ಆರೋಪಿ ನಿಮ್ಮ ಬೀಗರೋ ಪಾಲುದಾರರೋ ಆಗಿದ್ದರೆ ಇನ್ನೊಬ್ಬ ಅಡ್ಮಿನ್ ನೋಡಲಿ. ಇನ್ನೊಬ್ಬರಿಲ್ಲದಿದ್ದರೆ ಇಂದೇ ಒಬ್ಬರನ್ನು ಮಾಡಿ. 'ಹತ್ತು ಜನ ಹೇಳುತ್ತಿದ್ದಾರೆ, ತೆಗೆಯಿರಿ' ಎಂಬ ಒತ್ತಡಕ್ಕೆ ಮಣಿಯಬೇಡಿ, ಹತ್ತೂ ಜನ ಒಂದೇ ಓಣಿಯವರಾಗಿರಬಹುದು. ಜಾತಿನಿಂದನೆ, ಕೊಲೆ ಬೆದರಿಕೆಗಳಂಥವನ್ನು ರಾಜಿ ಮಾಡಿಸಲು ಕೂರಬೇಡಿ. ಅದು ಠಾಣೆಯ ಕೆಲಸ.

ಇಲ್ಲಿ ನೀವು ಕೇಳದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ, ಏಕೆಂದರೆ ಮಹಿಳಾ ಸದಸ್ಯರು ಇದನ್ನು ಅಡ್ಮಿನ್‌ಗೆ ಹೇಳುವುದೇ ಅಪರೂಪ. ಗ್ರೂಪಿನಿಂದ ನಂಬರ್ ತೆಗೆದುಕೊಂಡು ರಾತ್ರಿ ಖಾಸಗಿಯಾಗಿ ಸಂದೇಶ ಕಳಿಸುವವರ ಬಗ್ಗೆ ದೂರು ಬಂದಾಗ 'ಅದು ಗ್ರೂಪಿನ ಹೊರಗಿನ ವಿಷಯ' ಎಂದು ಅಡ್ಮಿನ್‌ಗಳು ಕೈತೊಳೆದುಕೊಳ್ಳುತ್ತಾರೆ. ನಂಬರ್ ಸಿಕ್ಕಿದ್ದೇ ನಿಮ್ಮ ಗ್ರೂಪಿನಲ್ಲಿ ಎಂದಮೇಲೆ ಅದು ಹೊರಗಿನದು ಹೇಗಾಗುತ್ತದೆ? ಬೇಡವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಮಹಿಳೆಯನ್ನು ಪದೇ ಪದೇ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಅಪರಾಧ. ಆದ್ದರಿಂದ ಆಕೆ ಒಮ್ಮೆ 'ಸಂದೇಶ ಕಳಿಸಬೇಡಿ' ಎಂದು ಬರೆದು, ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಬ್ಲಾಕ್ ಮಾಡುವ ಮೊದಲು ರಿಪೋರ್ಟ್ ಮಾಡಲಿ. ರಿಪೋರ್ಟ್ ಒತ್ತಿದರೆ ಆತ ಆಕೆಗೆ ಕಳಿಸಿದ ಕೊನೆಯ ಐದು ಸಂದೇಶಗಳು ವಾಟ್ಸಾಪ್ ಸಂಸ್ಥೆಗೆ ಹೋಗುತ್ತವೆ, ಆತನಿಗೆ ಸುಳಿವು ಸಿಗುವುದಿಲ್ಲ. ಆತನನ್ನು ಗ್ರೂಪಿನಿಂದ ತೆಗೆದರೂ ಉಳಿಸಿಕೊಂಡ ನಂಬರ್ ಆತನ ಬಳಿಯೇ ಇರುತ್ತದೆ. ಕಾಲುವೆಗೆ ನೀರು ಬಿಡುವ ದಿನಾಂಕ ತಿಳಿಸುವುದಷ್ಟೇ ನಿಮ್ಮ ಗ್ರೂಪಿನ ಕೆಲಸವಾಗಿದ್ದರೆ, ವಾಟ್ಸಾಪಿನ ಕಮ್ಯುನಿಟಿ (ಹಲವು ಗ್ರೂಪುಗಳನ್ನು ಒಂದೆಡೆ ಸೇರಿಸುವ ಸೌಲಭ್ಯ) ಮಾಡಿ ಅದರ ಪ್ರಕಟಣೆಗಳ ಗ್ರೂಪಿಗೆ ಎಲ್ಲರನ್ನೂ ಸೇರಿಸಿಕೊಳ್ಳಿ. ಅಲ್ಲಿ ಒಬ್ಬ ಸದಸ್ಯರ ನಂಬರ್ ಇನ್ನೊಬ್ಬ ಸದಸ್ಯರಿಗೆ ಕಾಣುವುದಿಲ್ಲ.