ಬಿಳಿ ತೋಟದಲ್ಲಿ ಬಿಳಿ ಎಷ್ಟಿದೆ?

ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೊರಟವರು ನನ್ನನ್ನು ಕೇಳುವುದುಂಟು: "ಅಲ್ಲಿನ ಹಳೇ ಬಂಗಲೆ ತೋಟಗಳಲ್ಲಿ ಯಾವುದು ನೋಡಬೇಕು?" ಕೆಂಟ್‌ನ ಸಿಸ್ಸಿಂಗ್‌ಹರ್ಸ್ಟ್ ಅಂತೀನಿ. ಜೊತೆಗೆ ಒಂದು ಷರತ್ತು: ಗಿಡಗಳ ಹೆಸರು ಬರೆದುಕೊಳ್ಳಬೇಡಿ.

ಮೊದಲ ಸಲ ಹೋದಾಗ ನಾನು ಬರೆದುಕೊಂಡಿದ್ದೆ, ಒಂದು ನೋಟ್‌ಬುಕ್ ತುಂಬ. ಡೆಲ್ಫಿನಿಯಂ ಅನ್ನುವ ತಂಪು ಹವೆಯ ಹೂಗಿಡದ ಬೀಜ ಹಿಡಿದು ಬಂದು ಬೆಂಗಳೂರಿನಲ್ಲಿ ಬಿತ್ತಿದೆ. ಎದ್ದ ನಾಲ್ಕು ಸಸಿಗಳೂ ಏಪ್ರಿಲ್ ಬಿಸಿಲಿಗೆ ಸುಟ್ಟುಹೋದವು.

1930ರಲ್ಲಿ ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಗಂಡ ಹೆರಾಲ್ಡ್ ನಿಕೋಲ್ಸನ್ ಕೊಂಡಾಗ ಸಿಸ್ಸಿಂಗ್‌ಹರ್ಸ್ಟ್ ಪಾಳುಬಿದ್ದ ಜಾಗ. ತೋಟದ ನಕ್ಷೆಗೆ ಗೆರೆ ಎಳೆದವರು ಹೆರಾಲ್ಡ್, ಗಿಡ ತುಂಬಿದವರು ವೀಟಾ. ಅವರಿಗೆ ದಾರಿ ನೆಟ್ಟಗಿರಬೇಕು, ಇವರಿಗೆ ಗಿಡ ದಾರಿಯ ಮೇಲೆ ತುಳುಕಬೇಕು. ಇಟ್ಟಿಗೆ ಗೋಡೆ, ಯೂ ಗಿಡದ ಎತ್ತರದ ಬೇಲಿಗಳು ತೋಟವನ್ನು ಕೋಣೆ ಕೋಣೆಯಾಗಿ ಒಡೆದಿವೆ. 1967ರಿಂದ ಹಳೇ ಮನೆ-ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುತ್ತಿದೆ. ಹೋದವರು ಮೊದಲು ಗೋಪುರ ಹತ್ತಿ. ಹೆರಾಲ್ಡ್ ಎಳೆದ ಗೆರೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಕೆಳಗಿಳಿದರೆ ಹೂವಿನ ಮುಂದೆ ಬೇರೇನೂ ಕಾಣುವುದಿಲ್ಲ.

ಎಲ್ಲರೂ ಮುಗಿಬೀಳುವುದು ಆ ಕೋಣೆಗಳಲ್ಲೊಂದಾದ ಬಿಳಿ ತೋಟಕ್ಕೆ. ಅಲ್ಲಿ ನಿಂತು ಒಂದು ಫೋಟೊ ತೆಗೆದು, ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡಿ. ಬಿಳಿ ಹೂವು ಅಲ್ಲೊಂದು ಇಲ್ಲೊಂದು ಚುಕ್ಕೆ ಅಷ್ಟೇ. ಉಳಿದದ್ದೆಲ್ಲ ಎಲೆ: ಹಸಿರು, ಬೂದು, ಬೆಳ್ಳಿ. ಇದು ಗೊತ್ತಿಲ್ಲದೆ ನಾನು ಒಬ್ಬರ ಮನೆಗೆ ಬರೀ ಬಿಳಿ ಹೂವಿನ ಪಾತಿ ಮಾಡಿಕೊಟ್ಟಿದ್ದೆ. ಬಿಳಿ ಗುಲಾಬಿ, ನಂದಿಬಟ್ಟಲು, ಮಲ್ಲಿಗೆ, ಸಂದಿಲ್ಲದ ಹಾಗೆ. ಎರಡೇ ತಿಂಗಳಲ್ಲಿ ಬಾಡಿದ ಹೂವಿನ ಕಂದು ಕಲೆಗಳೇ ಎದ್ದು ಕಂಡವು. ಬಿಳಿ ಹೂವು ಬಾಡಿದರೆ ಮುಚ್ಚಿಡೋಕೆ ಆಗಲ್ಲ, ಅಲ್ವಾ? ಒಣಗಿದ ಹೂವನ್ನು ಕಿತ್ತು ತೆಗೆಯುತ್ತಲೇ ಇರಬೇಕು.

ಅಲ್ಲಿನ ಬೂದು ಎಲೆಗಳಲ್ಲಿ ಆರ್ಟಿಮೀಸಿಯಾ ಜಾತಿಯವೂ ಇವೆ. ಹೆಸರು ಹೊಸದು ಅನ್ನಿಸಿದರೆ, ಹೂವಿನ ದಂಡೆಯಲ್ಲಿ ಕಟ್ಟುವ ದವನವನ್ನು ನೆನೆಸಿಕೊಳ್ಳಿ. ಅದೂ ಆರ್ಟಿಮೀಸಿಯಾನೇ. ಆಮೇಲೆ ಅದೇ ಪಾತಿಯಲ್ಲಿ ಅರ್ಧದಷ್ಟು ಹೂಗಿಡ ಕಿತ್ತು ದವನ ಹಾಕಿದೆ. ಈಗ ಕಣ್ಣಿಗೆ ಹಿತವಾಗಿದೆ, ಮನೆಯವರಿಗೆ ಹಬ್ಬಕ್ಕೂ ಆಗುತ್ತದೆ.

ಅಲ್ಲಿನ ಬಿಳಿ ತೋಟದ ನಡುವೆ ಕಬ್ಬಿಣದ ಚಪ್ಪರದ ಮೇಲೆ ಮುಲ್ಲಿಗಾನಿ ಅನ್ನುವ ಬಳ್ಳಿ ಗುಲಾಬಿ ಹಬ್ಬಿದೆ. ಹೂ ಬಿಡುವುದು ವರ್ಷಕ್ಕೊಂದೇ ಸಲ, ಜೂನ್ ಕೊನೆ, ಜುಲೈ ಮೊದಲ ಹೊತ್ತಿಗೆ. ಟಿಕೆಟ್ ಮಾಡಿಸುವಾಗಲೇ ಇದು ನೆನಪಿರಲಿ. ಮೊದಲು ಅಲ್ಲಿ ಚಪ್ಪರವಿರಲಿಲ್ಲ, ಬಾದಾಮಿ ಮರಗಳಿದ್ದವು. ಗುಲಾಬಿ ಹತ್ತಿ ಹತ್ತಿ ಮರಗಳನ್ನೇ ಮುಗಿಸಿತು.

ಆದರೆ ನಾನು ಜಾಸ್ತಿ ಹೊತ್ತು ಕಳೆದದ್ದು ಬೇರೆ ಕಡೆ, ಪೊದೆ ಗುಲಾಬಿಗಳ ಬುಡದಲ್ಲಿ. ಹೇಝಲ್ ಗಿಡದ ಹಸಿ ಕೋಲನ್ನು ಬಿಲ್ಲಿನಂತೆ ಬಗ್ಗಿಸಿ ಎರಡೂ ತುದಿ ಮಣ್ಣಿಗೆ ಚುಚ್ಚಿರುತ್ತಾರೆ. ಗುಲಾಬಿಯ ಉದ್ದ ಕೊಂಬೆಗಳನ್ನು ಎಳೆದು, ಬಾಗಿಸಿ, ಅದಕ್ಕೆ ಸುತಳಿಯಿಂದ ಕಟ್ಟುತ್ತಾರೆ. ದೂರದಿಂದ ಬುಟ್ಟಿ ಬೋರಲು ಹಾಕಿದ ಹಾಗೆ ಕಾಣುತ್ತದೆ. ಕೊಂಬೆ ನೆಟ್ಟಗಿದ್ದರೆ ತುದಿಯ ಕುಡಿ ಕೆಳಗಿನ ಕಣ್ಣುಗಳನ್ನು, ಅಂದರೆ ಚಿಗುರು ಒಡೆಯುವ ಗಿಣ್ಣುಗಳನ್ನು, ಅದುಮಿಡುತ್ತದೆ. ಹೂವೆಲ್ಲ ತಲೆಯ ಮೇಲೆ, ಮೈಯೆಲ್ಲ ಬರೀ ಮುಳ್ಳು. ಮಲಗಿಸಿದರೆ ಆ ಹಿಡಿತ ಸಡಿಲವಾಗಿ ಉದ್ದಕ್ಕೂ ಕಣ್ಣು ಒಡೆಯುತ್ತದೆ. ಸೇವಂತಿಗೆಯ ಕುಡಿ ಚಿವುಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರು ಕುಡಿಯನ್ನು ತೆಗೆಯುತ್ತಾರೆ, ಇವರು ಬಗ್ಗಿಸುತ್ತಾರೆ.

ಇದಕ್ಕೆ ಕೆಂಟ್‌ನ ಹವೆಯೇ ಬೇಕೆಂದಿಲ್ಲ. ನನ್ನ ತಾರಸಿಯಲ್ಲಿ ಹೇಝಲ್ ಕೋಲಿನ ಬದಲು ಬಿದಿರಿನ ಸೀಳು. ಮಳೆ ನಿಂತ ಮೇಲೆ ಒಂದು ಕೊಂಬೆಯನ್ನು ಮೂರು ದಿನ ಸ್ವಲ್ಪ ಸ್ವಲ್ಪವೇ ಬಗ್ಗಿಸಿದೆ. ಒಂದೇ ಏಟಿಗೆ ಎಳೆದ ಪಕ್ಕದ ಕೊಂಬೆ ಲಟಕ್ಕನೆ ಮುರಿದಿತ್ತು. ಬಗ್ಗಿದ ಕೊಂಬೆಯಲ್ಲಿ ಹನ್ನೊಂದು ಚಿಗುರು ಎಣಿಸಿದೆ, ಒಂಬತ್ತರಲ್ಲಿ ಮೊಗ್ಗು.