ಗಂಟು ಬಿಗಿಯಾಗಿದ್ದರೂ ಬಲೂನು ಸೊರಗುವುದು ಯಾಕೆ?

ಹೀಲಿಯಂ ತುಂಬಿದ ರಬ್ಬರ್ ಬಲೂನು ರಾತ್ರಿ ಸೂರು ಮುಟ್ಟಿರುತ್ತದೆ, ಬೆಳಗ್ಗೆ ನೋಡಿದರೆ ಸೊರಗಿ ನೆಲಕ್ಕಿಳಿದಿರುತ್ತದೆ. ಗಂಟು ಸಡಿಲವಾಗಿಲ್ಲ, ಎಲ್ಲೂ ತೂತಿಲ್ಲ. ಅನಿಲ ಹೊರಗೆ ಹೋಗಿದ್ದು ರಬ್ಬರಿನ ಮೈಯೊಳಗಿಂದಲೇ.

ಹೀಲಿಯಂ ಚಿಕ್ಕದು, ಹಗುರ, ಅದಕ್ಕೇ ನುಸುಳಿತು ಅಂದುಕೊಳ್ಳುತ್ತೇವೆ, ಅಲ್ವಾ? ಊಹೆ ಪೂರ್ತಿ ತಪ್ಪಲ್ಲ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ ಗಾಜಿನ ಕೊಳವೆಯ ಬಾಯಿಗೆ ಪ್ಲಾಸ್ಟರ್ ಬಿರಡೆ ಹಾಕಿ, ಅದರ ಮೂಲಕ ಅನಿಲಗಳು ಹೊರಹೋಗುವ ವೇಗವನ್ನು ಅಳೆದರು. ಹಗುರ ಅನಿಲಗಳೇ ಬೇಗ ದಾಟಿದವು. ಅಣು ಎಷ್ಟು ಪಟ್ಟು ಭಾರವೋ, ಅದರ ವರ್ಗಮೂಲದಷ್ಟು ಪಟ್ಟು ವೇಗ ಕಡಿಮೆ. ಆಮ್ಲಜನಕದ ಅಣು ಜಲಜನಕದ ಅಣುವಿಗಿಂತ 16 ಪಟ್ಟು ಭಾರ. 16ರ ವರ್ಗಮೂಲ 4. ಹಾಗಾಗಿ ಜಲಜನಕ 4 ಪಟ್ಟು ಬೇಗ ಹೋಗುತ್ತದೆ. 1833ರಲ್ಲಿ ಅವರು ಪ್ರಕಟಿಸಿದ ಈ ನಿಯಮ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ರಬ್ಬರ್ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಆ ನಿಯಮ ಪ್ರಕಟವಾಗುವ ಮೊದಲೇ, 1830ರ ಹೊತ್ತಿಗೆ, ಫಿಲಡೆಲ್ಫಿಯಾದ ವೈದ್ಯ ಜಾನ್ ಕಿಯರ್ಸ್ಲಿ ಮಿಚೆಲ್ ಒಂದು ವಿಚಿತ್ರ ಕಂಡಿದ್ದರು. ಜಲಜನಕಕ್ಕಿಂತ 22 ಪಟ್ಟು ಭಾರವಾದ ಇಂಗಾಲದ ಡೈಆಕ್ಸೈಡ್ ರಬ್ಬರನ್ನು ಜಲಜನಕಕ್ಕಿಂತ ಬೇಗ ದಾಟಿತ್ತು!

ಇದು ಹೇಗೆ? ಪ್ಲಾಸ್ಟರಿನಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಅಲ್ಲಿ ಅಣುಗಳು ಖಾಲಿ ಜಾಗದಲ್ಲಿ ಹಾರಿಹೋಗುತ್ತವೆ. ರಬ್ಬರಿನಲ್ಲಿ ಅಂಥ ದಾರಿಯೇ ಇಲ್ಲ. ಅದು ಸಿಕ್ಕುಸಿಕ್ಕಾದ ಉದ್ದುದ್ದ ಎಳೆಗಳ ಮುದ್ದೆ, ಆ ಎಳೆಗಳು ಸದಾ ಮಿಸುಕಾಡುತ್ತಿರುತ್ತವೆ. ಅನಿಲ ಮೊದಲು ರಬ್ಬರಿನಲ್ಲಿ ಕರಗಬೇಕು, ಸೋಡಾ ನೀರಿನಲ್ಲಿ ಗ್ಯಾಸ್ ಕರಗಿದ ಹಾಗೆ. ಆಮೇಲೆ ಎಳೆಗಳ ನಡುವೆ ಒಂದು ಕ್ಷಣ ಸಂದು ತೆರೆದಾಗ ಅಣು ಅಲ್ಲಿಗೆ ಜಿಗಿಯುತ್ತದೆ. ಮುಂದಕ್ಕೂ ಜಿಗಿಯಬಹುದು, ಹಿಂದಕ್ಕೂ ಬರಬಹುದು. ಅದಕ್ಕೆ ಗುರಿಯೇನೂ ಇಲ್ಲ. ಒಳಗೆ ಅಣುಗಳು ಜಾಸ್ತಿ ಇರುವುದರಿಂದ ಹೊರಗೆ ಬರುವವೇ ಹೆಚ್ಚು, ಅಷ್ಟೇ. ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಜಿಗಿಯುತ್ತದೆ, ಆದರೆ ರಬ್ಬರಿನಲ್ಲಿ ತುಂಬಾ ಚೆನ್ನಾಗಿ ಕರಗುತ್ತದೆ. ಹಾಗಾಗಿ ಗೆಲ್ಲುತ್ತದೆ. 1866ರಲ್ಲಿ ಈ ವಿವರಣೆ ಕೊಟ್ಟವರೂ ಗ್ರಹಾಂ ಅವರೇ. ತಮ್ಮ ನಿಯಮ ನಡೆಯದ ಕಡೆ ಬೇರೆ ಕಾರಣ ಹುಡುಕಿದ ಅವರ ಈ ಕೆಲಸವೇ ನನಗೆ ಹೆಚ್ಚು ಇಷ್ಟ.

ನಮ್ಮ ಶ್ವಾಸಕೋಶದಲ್ಲೂ ಕರಗುವಿಕೆಯದೇ ಮೇಲುಗೈ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಒದ್ದೆ ಪೊರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ ತೆಳು. ಒತ್ತಡದ ವ್ಯತ್ಯಾಸ ಒಂದೇ ಆಗಿದ್ದರೆ, ಇಂಗಾಲದ ಡೈಆಕ್ಸೈಡ್ ಅದನ್ನು ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸುಲಭವಾಗಿ ದಾಟುತ್ತದೆ. ಕಾಯಿಲೆಯಿಂದ ಆ ಪೊರೆ ದಪ್ಪವಾದರೆ ಮೊದಲು ಕಷ್ಟವಾಗುವುದು ಆಮ್ಲಜನಕಕ್ಕೆ. ಅದು ರಕ್ತದಲ್ಲಿ ಕಡಿಮೆಯಾಗುತ್ತಿದ್ದರೂ ಇಂಗಾಲದ ಡೈಆಕ್ಸೈಡ್ ಬಹಳ ಹೊತ್ತು ಸರಾಗವಾಗಿ ಹೊರಬೀಳುತ್ತಲೇ ಇರುತ್ತದೆ.